ಹೊಸ ಔಷಧಿಯ ಪ್ರಯೋಗಕ್ಕೆ ಸಹಿ ಹಾಕುವ ಮುನ್ನ
ಅನ್ನನಾಳದ ಕ್ಯಾನ್ಸರ್ ರೋಗಿಗಳಿಗೂ ಅವರ ಬಂಧುಗಳಿಗೂ ಕೆಲವು ಮಾತು

ಮೊದಲು ಮುದ್ದೆ ಇಳಿಯುವುದಿಲ್ಲ. ಒಂದು ಗುಟುಕು ನೀರು ಕುಡಿದು ಹೇಗೋ ಇಳಿಸಿಕೊಳ್ಳುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಅನ್ನವೂ ಎದೆಯಲ್ಲಿ ನಿಂತಂತಾಗುತ್ತದೆ. ಆಮೇಲೆ ಗಂಜಿ, ಕೊನೆಗೆ ನೀರು. ನಮ್ಮ ಕಡೆಯ ರೋಗಿಗಳಲ್ಲಿ ಅನ್ನನಾಳದ ಕ್ಯಾನ್ಸರ್ ಸಾಮಾನ್ಯವಾಗಿ ಹೀಗೆ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ನೋವು ಅಷ್ಟಾಗಿ ಇಲ್ಲದಿರುವುದರಿಂದ ‘ಗ್ಯಾಸ್ ಇರಬೇಕು’ ಎಂದು ದಿನ ತಳ್ಳುತ್ತಾರೆ. ಹೀಗಾಗಿ ಅನೇಕರು ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಮುಂದುವರಿದಿರುತ್ತದೆ.

ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಅಡಿಕೆ ಮತ್ತು ಮದ್ಯ ಈ ರೋಗಕ್ಕೆ ಮುಖ್ಯ ಕಾರಣಗಳು. ಹೊಸೂರು ರಸ್ತೆಯ ಕಡೆ ಇರುವ, 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯು 1980ರ ದಶಕದ ಆರಂಭದಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಾ ಬಂದಿದೆ. ಆ ಲೆಕ್ಕದಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳ ಸಾಲಿನಲ್ಲಿದೆ. ಬನಶಂಕರಿ, ಜಯನಗರದ ಮನೆಗಳಿಂದಲೂ ಕನಕಪುರ ರಸ್ತೆಯ ಉದ್ದಕ್ಕೂ ಇರುವ ಹಳ್ಳಿಗಳಿಂದಲೂ ರೋಗಿಗಳು ಬರುತ್ತಾರೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಅವರಲ್ಲಿ ಕೆಲವರಿಗೆ ವೈದ್ಯರು ಹೀಗೊಂದು ಮಾತು ಹೇಳಬಹುದು: “ಇಮ್ಯುನೋಥೆರಪಿ ಎಂಬ ಚಿಕಿತ್ಸೆಯ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ. ನೀವು ಸೇರಲು ಇಷ್ಟಪಡುತ್ತೀರಾ?”

ಈ ಪ್ರಶ್ನೆ ಕೇಳಿದ ಕೂಡಲೇ ಕೆಲವರು ‘ನಮ್ಮ ಮೇಲೆ ಪ್ರಯೋಗ ಮಾಡುತ್ತಾರಂತೆ’ ಎಂದು ಹೆದರಿ ಎದ್ದು ಬರುತ್ತಾರೆ. ಇನ್ನು ಕೆಲವರು ‘ಹೊಸ ಔಷಧಿ, ಅದೂ ಪುಕ್ಕಟೆ’ ಎಂದು ಓದದೆ ಸಹಿ ಹಾಕುತ್ತಾರೆ. ಎರಡೂ ಸರಿಯಲ್ಲ. ಕೇಳಿ, ತಿಳಿದು, ಆಮೇಲೆ ಹೌದು ಅಥವಾ ಬೇಡ ಎನ್ನಬೇಕು. ಹಾಗೆ ಹೇಳಬೇಕಾದವರು ರೋಗಿಯೇ.

ಇಮ್ಯುನೋಥೆರಪಿ ಎಂದರೇನು?

ನಮ್ಮ ರಕ್ತದಲ್ಲಿರುವ ಕೆಲವು ಬಿಳಿ ರಕ್ತಕಣಗಳು ದೇಹದ ಕಾವಲುಗಾರರು. ಹೊರಗಿನಿಂದ ಬಂದ ರೋಗಾಣುವನ್ನೂ ಕೆಟ್ಟುಹೋದ ಜೀವಕೋಶವನ್ನೂ ಗುರುತಿಸಿ ಕೊಲ್ಲುವುದು ಅವುಗಳ ಕೆಲಸ. ಆದರೆ ಕಾವಲುಗಾರ ಮನೆಯವರನ್ನೇ ಹೊಡೆಯಬಾರದಲ್ಲವೇ? ಅದಕ್ಕಾಗಿ ಆ ಕಣಗಳ ಮೇಲೆ ಬ್ರೇಕಿನಂತಹ ಒಂದು ವ್ಯವಸ್ಥೆ ಇದೆ. ಅದರ ಹೆಸರು ಪಿಡಿ-1. ಕೆಲವು ಕ್ಯಾನ್ಸರ್ ಕೋಶಗಳು ಈ ಬ್ರೇಕನ್ನು ಒತ್ತಿ ಹಿಡಿದು ಕಾವಲುಗಾರನನ್ನು ಸುಮ್ಮನಾಗಿಸುತ್ತವೆ.

ಇಮ್ಯುನೋಥೆರಪಿಯ ಔಷಧಿ ಆ ಬ್ರೇಕನ್ನು ಸಡಿಲಿಸುತ್ತದೆ. ಕೀಮೋಥೆರಪಿಯಂತೆ ಅದು ತಾನೇ ಕ್ಯಾನ್ಸರ್ ಕೋಶವನ್ನು ಕೊಲ್ಲುವುದಿಲ್ಲ, ನಮ್ಮ ಕಣಗಳೇ ಕೊಲ್ಲುವಂತೆ ಬಿಡುತ್ತದೆ. ಪಿಡಿ-1 ಅನ್ನು 1992ರಲ್ಲಿ ಗುರುತಿಸಿದ್ದು ಜಪಾನಿನ ವಿಜ್ಞಾನಿ ತಸುಕು ಹೊಂಜೊ ಅವರ ತಂಡ. ಇಂತಹದೇ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರೊಂದಿಗೆ ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಬಂತು. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬವು ಈ ಗುಂಪಿನ ಔಷಧಿಗಳು. ಇವನ್ನು ಕೆಲವು ವಾರಗಳಿಗೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ.

ಇದರಿಂದ ಎಷ್ಟು ಪ್ರಯೋಜನವಾಗಿದೆ?

ಇದನ್ನು ನೇರವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಆಪರೇಷನ್ ಮಾಡಲಾಗದ ಹಂತದಲ್ಲಿದ್ದ 749 ರೋಗಿಗಳ ಮೇಲೆ ಹಲವು ದೇಶಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳಿಗೆ ಕೀಮೋಥೆರಪಿಯ ಜೊತೆ ಪೆಂಬ್ರೊಲಿಜುಮ್ಯಾಬ್ ಕೊಟ್ಟರು. ಉಳಿದವರಿಗೆ ಕೀಮೋಥೆರಪಿಯ ಜೊತೆ ಔಷಧಿ ಇಲ್ಲದ ದ್ರವ ಕೊಟ್ಟರು. ಹೊಸ ಔಷಧಿ ಸೇರಿಸಿದವರಲ್ಲಿ ಅರ್ಧ ಮಂದಿ 12.4 ತಿಂಗಳು ದಾಟಿ ಬದುಕಿದರು. ಇನ್ನೊಂದು ಗುಂಪಿನಲ್ಲಿ ಆ ಅವಧಿ 9.8 ತಿಂಗಳು. ಐದು ವರ್ಷ ಕಳೆದಾಗ ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 10 ಮಂದಿ, ಎರಡನೆಯ ಗುಂಪಿನಲ್ಲಿ ನೂರಕ್ಕೆ 3 ಮಂದಿ ಬದುಕಿದ್ದರು. ಲಾಭ ನಿಜವೇ. ಆದರೆ ಅದು ಎಲ್ಲರಿಗೂ ಸಿಗಲಿಲ್ಲ.

ಇದೇ ಔಷಧಿಯನ್ನು, ಮೊದಲ ಚಿಕಿತ್ಸೆ ಫಲಿಸದೆ ರೋಗ ಮುಂದುವರಿದ 628 ರೋಗಿಗಳಲ್ಲಿ ಕೀಮೋಥೆರಪಿಗೆ ಬದಲಾಗಿ ಕೊಟ್ಟು ನೋಡಿದಾಗ ಒಟ್ಟಾರೆ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ಅವಧಿ 7.1 ತಿಂಗಳು. ಆದರೆ ಗೆಡ್ಡೆಯಲ್ಲಿ ಪಿಡಿ-ಎಲ್1 ಎಂಬ ಗುರುತು ಹೆಚ್ಚಾಗಿದ್ದವರನ್ನು ಮಾತ್ರ ಲೆಕ್ಕ ಹಾಕಿದಾಗ ಹೊಸ ಔಷಧಿ ಪಡೆದವರಲ್ಲಿ 9.3 ತಿಂಗಳು, ಕೀಮೋ ಪಡೆದವರಲ್ಲಿ 6.7 ತಿಂಗಳು ಎಂದು ಕಂಡುಬಂತು. ಬಯಾಪ್ಸಿ ತುಣುಕನ್ನು ಮತ್ತೊಮ್ಮೆ ಪರೀಕ್ಷೆಗೆ ಕಳಿಸಬೇಕು ಎಂದು ವೈದ್ಯರು ಹೇಳುವುದು ಈ ಕಾರಣಕ್ಕೇ.

ನಮ್ಮ ದೇಶದ ಒಂದು ಉದಾಹರಣೆಯನ್ನೂ ಹೇಳಬೇಕು. ಈ ಔಷಧಿಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ನಿಲುಕದ್ದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬಾಯಿ, ಗಂಟಲಿನ ಭಾಗದ ಕ್ಯಾನ್ಸರ್ ಮುಂದುವರಿದಿದ್ದ 151 ರೋಗಿಗಳನ್ನು ಪ್ರಯೋಗಕ್ಕೆ ಸೇರಿಸಿಕೊಂಡರು. ಒಂದು ಗುಂಪಿಗೆ ನುಂಗುವ ಔಷಧಿಗಳನ್ನು ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ಅವುಗಳ ಜೊತೆ ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಸಾಮಾನ್ಯವಾಗಿ ಕೊಡುವುದು ಎರಡು ವಾರಕ್ಕೆ 240 ಮಿಲಿಗ್ರಾಂ. ಒಂದು ವರ್ಷದ ನಂತರ ನಿವೊಲುಮ್ಯಾಬ್ ಪಡೆದವರಲ್ಲಿ ನೂರಕ್ಕೆ 43 ಮಂದಿ ಬದುಕಿದ್ದರು, ಪಡೆಯದವರಲ್ಲಿ ನೂರಕ್ಕೆ 16 ಮಂದಿ. ಇದು ಅನ್ನನಾಳದ ಕ್ಯಾನ್ಸರ್ ಅಲ್ಲ, ಪೂರ್ಣ ಪ್ರಮಾಣದೊಂದಿಗೆ ಹೋಲಿಸಿದ ಪ್ರಯೋಗವೂ ಅಲ್ಲ. ಆದರೂ ಬಡ ರೋಗಿಗೆ ಎಟುಕುವ ಚಿಕಿತ್ಸೆಯ ದಾರಿಯೊಂದನ್ನು ಅದು ತೋರಿಸಿತು. ಆ 151 ಮಂದಿ ಒಪ್ಪದೇ ಇದ್ದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಕ್ಲಿನಿಕಲ್ ಟ್ರಯಲ್ ಎಂದರೇನು?

ಉತ್ತರ ಇನ್ನೂ ಗೊತ್ತಿಲ್ಲದ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವೇ ಟ್ರಯಲ್. ಈ ಔಷಧಿಯನ್ನು ಆಪರೇಷನ್‌ಗೆ ಮೊದಲು ಕೊಟ್ಟರೆ ಮೇಲೋ, ಆಮೇಲೋ? ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯ ಜೊತೆ ಕೊಡಬಹುದೇ? ಕಡಿಮೆ ಪ್ರಮಾಣ ಸಾಕೇ? ಉತ್ತರ ಮೊದಲೇ ಗೊತ್ತಿದ್ದರೆ ಪ್ರಯೋಗ ಬೇಕಾಗಿಯೇ ಇರಲಿಲ್ಲ. ಆದ್ದರಿಂದ ‘ಹೊಸದು’ ಎಂದರೆ ‘ಮೇಲಾದುದು’ ಎಂದು ತಿಳಿಯಬಾರದು.

ಅನೇಕ ಪ್ರಯೋಗಗಳಲ್ಲಿ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ. ವೈದ್ಯರ ಪರಿಚಯ, ಶಿಫಾರಸು ಯಾವುದೂ ಅಲ್ಲಿ ನಡೆಯುವುದಿಲ್ಲ. ನಿಮಗೆ ಹೊಸ ಔಷಧಿಯೇ ಸಿಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಕ್ಯಾನ್ಸರ್ ಪ್ರಯೋಗಗಳಲ್ಲಿ ಎರಡನೆಯ ಗುಂಪಿನವರಿಗೆ ಸಾಮಾನ್ಯವಾಗಿ ಈಗ ರೂಢಿಯಲ್ಲಿರುವ ಚಿಕಿತ್ಸೆಯನ್ನು ಕೊಡುತ್ತಾರೆ. ಆದರೂ ‘ಎರಡನೆಯ ಗುಂಪಿಗೆ ಬಿದ್ದರೆ ನನಗೆ ಯಾವ ಚಿಕಿತ್ಸೆ?’ ಎಂದು ಕೇಳಿಯೇ ತಿಳಿಯಬೇಕು.

‘ಅಪ್ಪನಿಗೆ ಹೇಳಬೇಡಿ, ಡಾಕ್ಟ್ರೇ’

ರೋಗಿಯನ್ನು ಒಳಗೆ ಕೂರಿಸಿ, ಮಗನೋ ಅಳಿಯನೋ ಬಾಗಿಲ ಹೊರಗೆ ಬಂದು ಹೇಳುವ ಮಾತಿದು: “ಗಂಟಲಲ್ಲಿ ಹುಣ್ಣು ಅಂತ ಹೇಳಿದ್ದೀವಿ ಡಾಕ್ಟ್ರೇ. ಕ್ಯಾನ್ಸರ್ ಅಂತ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ. ಸಹಿ ನಾನೇ ಹಾಕುತ್ತೇನೆ.” ಇದರ ಹಿಂದೆ ಇರುವುದು ಪ್ರೀತಿ. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ.

ಆದರೆ ಟ್ರಯಲ್‌ಗೆ ಹೀಗೆ ಸೇರಿಸಲು ಬರುವುದಿಲ್ಲ. ಪ್ರಜ್ಞೆ ಇಲ್ಲದ ಅಥವಾ ತಿಳಿದು ನಿರ್ಧರಿಸಲಾರದ ರೋಗಿಯ ಪರವಾಗಿ ಮಾತ್ರ ಹತ್ತಿರದ ಬಂಧು ಸಹಿ ಹಾಕಬಹುದು. ಉಳಿದಂತೆ ಒಪ್ಪಿಗೆ ರೋಗಿಯದೇ ಆಗಿರಬೇಕು. ತನಗೆ ಯಾವ ರೋಗ ಇದೆ ಎಂದೇ ಗೊತ್ತಿಲ್ಲದವರು ಏನನ್ನು ಒಪ್ಪಿದಂತಾಯಿತು? ಇದು ಬರೀ ಕಾನೂನಿನ ಮಾತಲ್ಲ. ಈ ಔಷಧಿಯ ತೊಂದರೆಗಳನ್ನು ಮೊದಲು ಗುರುತಿಸಬೇಕಾದವರು ರೋಗಿಯೇ. ‘ಹುಣ್ಣಿಗೆ ಔಷಧಿ’ ಎಂದುಕೊಂಡವರು ಒಣಕೆಮ್ಮು ಬಂದರೆ ಯಾರಿಗೂ ಹೇಳದೆ ಸುಮ್ಮನಿರಬಹುದು. ಅದರಿಂದ ಜೀವಕ್ಕೇ ಅಪಾಯವಾಗಬಹುದು.

ಇನ್ನೊಂದು ವಿಷಯ. ಕಿದ್ವಾಯಿಯಂತಹ ಆಸ್ಪತ್ರೆಯ ಸಾಲಿನಲ್ಲಿ ಕೂತ ರೋಗಿಗೆ ಗೋಡೆಯ ಮೇಲಿನ ಬರಹ, ಪಕ್ಕದವರ ಮಾತು ಎಲ್ಲವೂ ಕೇಳಿಸುತ್ತದೆ. ಅನೇಕರಿಗೆ ರೋಗದ ಹೆಸರು ಮೊದಲೇ ಗೊತ್ತಿರುತ್ತದೆ. ಮಕ್ಕಳು ನೊಂದುಕೊಳ್ಳುತ್ತಾರೆಂದು ಅವರೂ ಹೇಳದೆ ಇರುತ್ತಾರೆ. ಎರಡೂ ಕಡೆಯವರು ಒಬ್ಬರಿಂದೊಬ್ಬರು ಮುಚ್ಚಿಟ್ಟು ಒಂಟಿಯಾಗಿ ಸಂಕಟಪಡುವುದಕ್ಕಿಂತ ಕೂತು ಮಾತಾಡುವುದು ಮೇಲು.

ಹೇಳುವುದು ಹೇಗೆ? ಒಂದೇ ಸಲಕ್ಕೆ ಎಲ್ಲವನ್ನೂ ಹೇಳಬೇಕಾಗಿಲ್ಲ. ‘ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸುತ್ತದೆ?’ ಎಂದು ಮೊದಲು ಅವರನ್ನೇ ಕೇಳಿರಿ. ‘ಎಷ್ಟು ತಿಳಿಯಬೇಕು ಅಂತ ಇಷ್ಟ?’ ಎಂದು ಕೇಳಿರಿ. ತಿಂಗಳ ಲೆಕ್ಕ ಬೇಡ ಎಂದವರಿಗೆ ಬಲವಂತವಾಗಿ ಹೇಳಬೇಡಿ. ಆದರೆ ರೋಗದ ಹೆಸರು, ಇದು ಪ್ರಯೋಗ ಎಂಬ ವಿಷಯ, ಆಗಬಹುದಾದ ತೊಂದರೆ, ಬೇರೆ ಯಾವ ಚಿಕಿತ್ಸೆ ಇದೆ ಎಂಬ ನಾಲ್ಕು ಸಂಗತಿಗಳು ತಿಳಿಯದೆ ಸಹಿ ಹಾಕುವಂತಿಲ್ಲ. ನಿಮಗೆ ಹೇಳಲು ಬಾಯಿ ಬಾರದಿದ್ದರೆ ವೈದ್ಯರನ್ನೋ ಸಮಾಜ ಕಾರ್ಯಕರ್ತರನ್ನೋ ಕೇಳಿಕೊಳ್ಳಿ. ನೀವು ಪಕ್ಕದಲ್ಲಿ ಕೈ ಹಿಡಿದು ಕೂತಿದ್ದರೆ ಸಾಕು.

ರೋಗಿಗೆ ಕಾನೂನಿನ ರಕ್ಷಣೆ ಏನಿದೆ?

ಹಿಂದೆ ನಮ್ಮ ದೇಶದಲ್ಲಿ ಸರಿಯಾಗಿ ತಿಳಿಸದೆ ಜನರನ್ನು ಪ್ರಯೋಗಕ್ಕೆ ಸೇರಿಸಿಕೊಂಡ ದೂರುಗಳು ಬಂದಿದ್ದವು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2013ರಿಂದ ನಿಯಮಗಳು ಬಿಗಿಯಾದವು. ಈಗ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಜಾರಿಯಲ್ಲಿವೆ. ಅವುಗಳ ಮುಖ್ಯ ಅಂಶಗಳು ಇವು:

1. ಹೊಸ ಔಷಧಿಯ ಪ್ರಯೋಗಕ್ಕೆ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಬೇಕು. ಜೊತೆಗೆ ನೀತಿ ಸಮಿತಿಯ ಒಪ್ಪಿಗೆ ಬೇಕು. ಈ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು, ಅರ್ಧದಷ್ಟಾದರೂ ಮಂದಿ ಆ ಆಸ್ಪತ್ರೆಗೆ ಸೇರದವರಾಗಿರಬೇಕು. ಕಾನೂನು ಬಲ್ಲವರು, ಮಹಿಳೆ ಮತ್ತು ಒಬ್ಬ ಸಾಮಾನ್ಯ ನಾಗರಿಕರೂ ಅದರಲ್ಲಿರುತ್ತಾರೆ.

2. ಪ್ರಯೋಗ ಆರಂಭವಾಗುವ ಮುನ್ನ ಸರ್ಕಾರದ ಸಿಟಿಆರ್‌ಐ ದಾಖಲೆಯಲ್ಲಿ ನೋಂದಣಿಯಾಗಬೇಕು. 2007ರಲ್ಲಿ ಆರಂಭವಾದ ಈ ನೋಂದಣಿ 2009ರಿಂದ ಕಡ್ಡಾಯವಾಗಿದೆ. ಇದನ್ನು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

3. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇಂಗ್ಲಿಷ್ ಪತ್ರ ಕೊಟ್ಟರೆ ‘ಕನ್ನಡದ್ದು ಕೊಡಿ’ ಎಂದು ಕೇಳಿರಿ. ಓದು ಬಾರದವರಿಗೆ, ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರಿನಲ್ಲಿ ಓದಿ ಹೇಳಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮಗೆ ಕೊಡಬೇಕು. ಕೆಲವು ಪ್ರಯೋಗಗಳಲ್ಲಿ ಈ ಮಾತುಕತೆಯನ್ನು ವಿಡಿಯೊ ಮಾಡುತ್ತಾರೆ. ಅದು ನಿಮ್ಮ ರಕ್ಷಣೆಗಾಗಿ, ಗಾಬರಿ ಬೇಡ.

4. ಪತ್ರದಲ್ಲಿ ನಿಮ್ಮ ಉದ್ಯೋಗ, ವರ್ಷದ ಆದಾಯ, ನಾಮಿನಿಯ ಹೆಸರು ಕೇಳುತ್ತಾರೆ. ಇದನ್ನು ನೋಡಿ ಕೆಲವರು ‘ಸಾಯುತ್ತೇನೆ ಅಂತಲೇ ಬರೆಸಿಕೊಳ್ಳುತ್ತಾರೆ’ ಎಂದು ಹೆದರುತ್ತಾರೆ. ಪರಿಹಾರ ಕೊಡಬೇಕಾಗಿ ಬಂದರೆ ಬೇಕಾಗುತ್ತದೆ ಎಂದು ಎಲ್ಲರಿಂದಲೂ ಬರೆಸಿಕೊಳ್ಳುವ ವಿವರ ಅದು.

5. ಪ್ರಯೋಗದ ಸಮಯದಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಹಾನಿ ಪ್ರಯೋಗದಿಂದಲೇ ಆದದ್ದೆಂದು ತೀರ್ಮಾನವಾದರೆ ಪ್ರಯೋಗ ನಡೆಸುವವರು ಹಣದ ಪರಿಹಾರವನ್ನೂ ಕೊಡಬೇಕು. ಗಂಭೀರ ತೊಂದರೆಯಾದರೆ ವೈದ್ಯರು ಅದನ್ನು 24 ಗಂಟೆಯೊಳಗೆ ವರದಿ ಮಾಡಬೇಕು.

6. ಯಾವಾಗ ಬೇಕಾದರೂ, ಕಾರಣ ಹೇಳದೆಯೂ, ಪ್ರಯೋಗದಿಂದ ಹೊರಬರಬಹುದು. ಹೊರಬಂದರೆಂದು ಮಾಮೂಲಿ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ.

ಪ್ರಯೋಗಕ್ಕೆ ಸೇರಿಸಿಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಕೂಡಲೇ ಆಸ್ಪತ್ರೆಯ ನೀತಿ ಸಮಿತಿಗೆ ತಿಳಿಸಿರಿ. ಸಮಿತಿಯನ್ನು ಸಂಪರ್ಕಿಸುವ ವಿವರ ಒಪ್ಪಿಗೆ ಪತ್ರದಲ್ಲೇ ಇರುತ್ತದೆ.

ಯಾವ ತೊಂದರೆಗಳಾಗಬಹುದು?

ಬ್ರೇಕು ಸಡಿಲಾದ ಕಾವಲುಗಾರ ಕೆಲವೊಮ್ಮೆ ಮನೆಯವರನ್ನೂ ಹೊಡೆಯುತ್ತಾನೆ. ಕೂದಲು ಉದುರುವುದು, ವಾಂತಿ ಮುಂತಾದವು ಕೀಮೋಗಿಂತ ಕಡಿಮೆ. ಆದರೆ ದೇಹದ ಯಾವ ಅಂಗಕ್ಕಾದರೂ ಉರಿಯೂತ ಬರಬಹುದು. ಹೆಚ್ಚಿನವರಲ್ಲಿ ಇದು ಸೌಮ್ಯವಾಗಿರುತ್ತದೆ, ಕೆಲವರಲ್ಲಿ ಗಂಭೀರವಾಗುತ್ತದೆ. ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಪ್ರಯೋಗದ ವೈದ್ಯರಿಗೆ ಫೋನ್ ಮಾಡಿರಿ:

– ಹೊಸದಾಗಿ ಬಂದ ಒಣಕೆಮ್ಮು, ಉಸಿರಾಟದ ತೊಂದರೆ, ಎದೆನೋವು
– ದಿನಕ್ಕೆ ಹಲವು ಸಲ ಭೇದಿ, ಮಲದಲ್ಲಿ ರಕ್ತ, ಹೊಟ್ಟೆನೋವು
– ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು
– ಮೈತುಂಬ ಗಂದೆ, ಬೊಬ್ಬೆ
– ವಿಪರೀತ ಸುಸ್ತು, ತಲೆಸುತ್ತು, ಅತಿಯಾದ ಬಾಯಾರಿಕೆ

ಇವು ಔಷಧಿ ನಿಲ್ಲಿಸಿದ ಕೆಲವು ತಿಂಗಳ ನಂತರವೂ ಬರಬಹುದು. ಬೀದಿಯ ಮೂಲೆಯ ಕ್ಲಿನಿಕ್ಕಿಗೆ ಹೋದರೂ ‘ನನಗೆ ಇಮ್ಯುನೋಥೆರಪಿ ಕೊಟ್ಟಿದ್ದಾರೆ’ ಎಂದು ಮೊದಲು ಹೇಳಬೇಕು. ಇಲ್ಲದಿದ್ದರೆ ಮಾಮೂಲಿ ಭೇದಿ ಎಂದು ಮಾತ್ರೆ ಕೊಟ್ಟು ಕಳಿಸಬಹುದು. ಬೇಗ ಗುರುತಿಸಿ ಸ್ಟೀರಾಯ್ಡ್ ಔಷಧಿ ಕೊಟ್ಟರೆ ಬಹುಪಾಲು ತೊಂದರೆಗಳು ಹತೋಟಿಗೆ ಬರುತ್ತವೆ. ನಾಟಿ ಔಷಧಿ, ಕಷಾಯ ಏನೇ ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ಸಂಧಿವಾತದಂತಹ, ದೇಹದ ರಕ್ಷಣಾ ಶಕ್ತಿಯೇ ತಿರುಗಿಬಿದ್ದ ಕಾಯಿಲೆ ಮೊದಲಿನಿಂದ ಇದ್ದರೆ ತಪ್ಪದೆ ತಿಳಿಸಿರಿ.

ಊಟದ ವಿಷಯ ಮರೆಯಬೇಡಿ. ಪ್ರಯೋಗಕ್ಕೆ ತೆಗೆದುಕೊಳ್ಳುವಾಗ ರೋಗಿ ಎದ್ದು ಓಡಾಡುವಷ್ಟು ಶಕ್ತರೇ ಎಂದು ನೋಡುತ್ತಾರೆ. ನುಂಗಲಾಗದೆ ಸೊರಗಿದವರಿಗೆ ನಳಿಕೆಯ ಮೂಲಕ ಆಹಾರ ಕೊಡುವ, ಅಥವಾ ಅನ್ನನಾಳದೊಳಗೆ ಸ್ಟೆಂಟ್ ಇಡುವ ಉಪಾಯಗಳಿವೆ. ‘ಮೂಗಿಗೆ ಪೈಪ್ ಹಾಕಿದರೆ ಮುಗಿಯಿತು’ ಎಂಬ ಮಾತು ಸುಳ್ಳು. ಆ ನಳಿಕೆಯಿಂದ ತೂಕ ಏರಿಸಿಕೊಂಡು ಚಿಕಿತ್ಸೆಗೆ ಸಿದ್ಧರಾಗಬಹುದು.

ಸಹಿಗೆ ಮುನ್ನ ಕೇಳಬೇಕಾದ ಹತ್ತು ಪ್ರಶ್ನೆಗಳು

1. ಈ ಪ್ರಯೋಗ ಏನನ್ನು ಕಂಡುಹಿಡಿಯಲು ನಡೆಯುತ್ತಿದೆ?
2. ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಇದೆ? ಅದರಿಂದ ಏನು ನಿರೀಕ್ಷಿಸಬಹುದು?
3. ಎರಡನೆಯ ಗುಂಪಿಗೆ ಏನು ಕೊಡುತ್ತಾರೆ?
4. ಈ ಔಷಧಿಯನ್ನು ಈ ಮೊದಲು ಎಷ್ಟು ಜನರಿಗೆ ಕೊಡಲಾಗಿದೆ? ಏನಾಯಿತು?
5. ಎಷ್ಟು ಸಲ ಬರಬೇಕು? ಎಷ್ಟು ಸ್ಕ್ಯಾನ್, ರಕ್ತ ಪರೀಕ್ಷೆ, ಬಯಾಪ್ಸಿ?
6. ಯಾವುದು ಉಚಿತ, ಯಾವುದಕ್ಕೆ ನಾವು ಹಣ ಕಟ್ಟಬೇಕು? ಬಸ್ಸಿನ ಖರ್ಚು ಕೊಡುತ್ತೀರಾ?
7. ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?
8. ಔಷಧಿ ನನಗೆ ಹಿಡಿಸಿದರೆ ಪ್ರಯೋಗ ಮುಗಿದ ಮೇಲೂ ಸಿಗುತ್ತದೆಯೇ?
9. ಪ್ರಯೋಗದ ಸಿಟಿಆರ್‌ಐ ಸಂಖ್ಯೆ ಏನು?
10. ಈ ಪತ್ರವನ್ನು ಮನೆಗೆ ಒಯ್ದು ಯೋಚಿಸಿ ಬರಬಹುದೇ?

ಕೊನೆಯ ಪ್ರಶ್ನೆಯನ್ನು ತಪ್ಪದೆ ಕೇಳಿರಿ. ‘ಈಗಲೇ ಸಹಿ ಹಾಕಿ’ ಎಂದು ಅವಸರ ಮಾಡಿದರೆ ಒಪ್ಪಬೇಕಾಗಿಲ್ಲ. ಮನೆಯಲ್ಲಿ ಎಲ್ಲರೂ ಕೂತು ಓದಿರಿ. ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಆ ಪತ್ರವನ್ನು ನಮ್ಮ ಹೊರರೋಗಿ ವಿಭಾಗಕ್ಕೆ ತಂದರೂ ವೈದ್ಯರು ಓದಿ ವಿವರಿಸುತ್ತಾರೆ.

ಬೇಡ ಎಂದರೆ ತಪ್ಪೇ?

ಖಂಡಿತ ಅಲ್ಲ. ದೂರದ ಊರಿನಿಂದ ಪದೇ ಪದೇ ಬರಲು ಆಗದವರು, ಇನ್ನಷ್ಟು ಸೂಜಿ ಸ್ಕ್ಯಾನ್ ಬೇಡ ಎನ್ನುವವರು, ಉಳಿದ ದಿನಗಳನ್ನು ಮನೆಯಲ್ಲಿ ಮೊಮ್ಮಕ್ಕಳ ಜೊತೆ ಕಳೆಯಬೇಕು ಎನ್ನುವವರು ಬೇಡ ಎನ್ನಬಹುದು. ಅವರಿಗೆ ನೋವು ಕಡಿಮೆ ಮಾಡುವ, ನುಂಗಲು ಸುಲಭ ಮಾಡುವ ಚಿಕಿತ್ಸೆ ಇದ್ದೇ ಇರುತ್ತದೆ. ಹೌದು ಎಂದವರು ತಮಗಾಗಿ ಒಂದು ಅವಕಾಶವನ್ನು ಪಡೆಯುತ್ತಾರೆ. ಜೊತೆಗೆ ಮುಂದೆ ಇದೇ ರೋಗದಿಂದ ಬರುವ, ತಾವು ಎಂದೂ ಕಾಣದ ಯಾರಿಗೋ ಉಪಕಾರ ಮಾಡುತ್ತಾರೆ.

ಬಂಧುಗಳಲ್ಲಿ ಒಂದು ವಿನಂತಿ. ಓಡಾಟ, ಖರ್ಚು, ರಾತ್ರಿಯ ನಿದ್ದೆಗೇಡು ಎಲ್ಲವನ್ನೂ ನೀವು ಹೊರುತ್ತಿದ್ದೀರಿ. ಈ ಒಂದು ನಿರ್ಧಾರವನ್ನು ಮಾತ್ರ ರೋಗಿಯಿಂದ ಕಿತ್ತುಕೊಳ್ಳಬೇಡಿ. ಅವರ ಪಕ್ಕದಲ್ಲಿ ಕೂತು ಪತ್ರ ಓದಿ ಹೇಳಿರಿ, ಅವರು ಕೇಳುವ ಪ್ರಶ್ನೆಗೆ ಉತ್ತರ ಕೊಡಿಸಿರಿ. ಹೌದೋ ಬೇಡವೋ ಎಂಬುದನ್ನು ಅವರೇ ಹೇಳಲಿ.